ಸಂತೆಯ ದಿನ ಒಂದು ಮಾತ್ರೆ

ಕೇಳುಗರೆಲ್ಲರಿಗೂ ನಮಸ್ಕಾರ. ಯುವ ಫಾರ್ಮಸಿಸ್ಟರಿಗೆ ಬೇಕಾದ ನಾಯಕತ್ವದ ತರಬೇತಿಯ ಬಗ್ಗೆ, ಅಂದರೆ ತಪ್ಪು ಕಂಡಾಗ ಅದನ್ನು ಹೇಳಲು ಕಲಿಯುವ ಬಗ್ಗೆ, ಇಂದು ನಾಲ್ಕು ಮಾತು.

ನಾನು ಫಾರ್ಮಸಿಸ್ಟ್ ಆಗಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಆಸ್ಪತ್ರೆಯ ಔಷಧ ಕೌಂಟರಿಗೆ ವಯಸ್ಸಾದ ತಾಯಿಯೊಬ್ಬರು ಚೀಟಿ ಹಿಡಿದು ಬಂದರು. ಸಂಧಿವಾತದಿಂದ ಬೆರಳಿನ ಗಿಣ್ಣುಗಳೆಲ್ಲ ಊದಿದ್ದವು. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಮಾತ್ರೆ ದಿನಕ್ಕೊಂದು ಎಂದು ಬರೆದಿತ್ತು. ಈ ಕಾಯಿಲೆಗೆ ಅದನ್ನು ಕೊಡುವುದು ವಾರಕ್ಕೊಮ್ಮೆ. ದಿನವೂ ನುಂಗಿದರೆ ಬಾಯೆಲ್ಲ ಹುಣ್ಣಾಗುತ್ತದೆ, ಮೂಳೆಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದೇ ಕುಗ್ಗುತ್ತದೆ, ಜೀವಕ್ಕೇ ಕುತ್ತು ಬರುತ್ತದೆ. ಪರೀಕ್ಷೆಗೆ ಓದಿ ಇದೆಲ್ಲ ಬಾಯಿಪಾಠವಾಗಿತ್ತು. ಆದರೂ ಫೋನಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆ. ಅಷ್ಟು ಅನುಭವವಿರುವ ವೈದ್ಯರಿಗೆ ನಾನು ಏನೆಂದು ಹೇಳಲಿ?

ಕೊನೆಗೆ ಕರೆ ಮಾಡಿದವರು ನಮ್ಮ ಹಿರಿಯ ಫಾರ್ಮಸಿಸ್ಟ್. ಒಂದು ನಿಮಿಷವೂ ಹಿಡಿಯಲಿಲ್ಲ. ವೈದ್ಯರು ತಪ್ಪನ್ನು ಒಪ್ಪಿಕೊಂಡು ಬೇರೆ ಚೀಟಿ ಬರೆದು ಕಳುಹಿಸಿದರು.

ಯುವ ಫಾರ್ಮಸಿಸ್ಟರಿಗೆ ನಾಯಕತ್ವದ ತರಬೇತಿ ಬೇಕು ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಫೋನು ನೆನಪಾಗುತ್ತದೆ. ನಮ್ಮ ದೇಶದಲ್ಲಿ ಆರು ವರ್ಷಗಳ ಫಾರ್ಮ್ ಡಿ, ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್ 2008ರಲ್ಲಿ ಬಂತು. ಅದರ ಕೊನೆಯ ವರ್ಷವಿಡೀ ಇಂಟರ್ನ್‌ಶಿಪ್. ಚೀಟಿಯಲ್ಲಿ ತಪ್ಪು ಕಂಡರೆ ಬರೆದ ವೈದ್ಯರ ಗಮನಕ್ಕೆ ತರಬೇಕು ಎಂದು ವೃತ್ತಿಯ ನೀತಿಸಂಹಿತೆಯೇ ಹೇಳುತ್ತದೆ. ಹೇಗೆ ಹೇಳಬೇಕು ಎಂಬುದನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ಈಗ ಹೊಸಬರಿಗೆ ನಾನೇ ಅಭ್ಯಾಸ ಮಾಡಿಸುತ್ತೇನೆ. ಒಬ್ಬರು ಅವಸರದಲ್ಲಿರುವ ವೈದ್ಯರಾಗಬೇಕು, ಇನ್ನೊಬ್ಬರು ಕರೆ ಮಾಡಬೇಕು. ನಾನು ಯಾರು, ರೋಗಿ ಯಾರು, ಚೀಟಿಯಲ್ಲಿ ಏನಿದೆ, ನನಗೇಕೆ ಆತಂಕ, ಏನು ಬದಲಾಗಬೇಕು. ಇಷ್ಟನ್ನೂ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬೇಕು. ಒಬ್ಬ ಹುಡುಗಿ ಪ್ರತಿ ವಾಕ್ಯದ ಕೊನೆಗೂ “ಅಲ್ಲವೇ ಸರ್” ಎಂದು ಸೇರಿಸುತ್ತಿದ್ದಳು. ನಾಲ್ಕನೆಯ ಸಲ ಅದು ತಾನಾಗಿಯೇ ಉದುರಿಹೋಯಿತು. ಅವಳ ದನಿ ಏರಲಿಲ್ಲ, ವಿನಯವೂ ಕಡಿಮೆಯಾಗಲಿಲ್ಲ. ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಊರಿನ ಔಷಧ ಅಂಗಡಿಯಲ್ಲಿ ಸಂಬಳಕ್ಕಿರುವವರ ಪಾಡು ಇನ್ನೂ ಕಷ್ಟದ್ದು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್1 ಪಟ್ಟಿಯ ಪ್ರಕಾರ, ಕೆಲವು ಪ್ರಬಲ ಆ್ಯಂಟಿಬಯಾಟಿಕ್ ಮತ್ತು ಕ್ಷಯದ ಔಷಧಗಳನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿಯಿಲ್ಲದೆ ಬಂದ ಗಿರಾಕಿಗೆ ಇಪ್ಪತ್ತಮೂರರ ಹುಡುಗ ಕೊಡುವುದಿಲ್ಲ ಎನ್ನುತ್ತಾನೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮಾಲೀಕರ ಮುಖ ಗಂಟಿಕ್ಕುತ್ತದೆ. ಅಂಥ ಹುಡುಗನನ್ನು ಒಂಟಿಯಾಗಿ ಬಿಟ್ಟು ಧೈರ್ಯ ತಂದುಕೋ ಎನ್ನುವುದು ಅನ್ಯಾಯ. ತರಬೇತಿಗೆ ಮಾಲೀಕರನ್ನೂ ಕರೆದು ಕೂರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆ ತಾಯಿಯ ಕಥೆ ಇನ್ನೂ ಸ್ವಲ್ಪ ಉಳಿದಿದೆ. ತಿದ್ದಿದ ಚೀಟಿ ಬಂದ ಮೇಲೆ ನಾನು ಔಷಧದ ಲಕೋಟೆಯ ಮೇಲೆ ವಾರಕ್ಕೊಂದು ಎಂದು ದಪ್ಪವಾಗಿ ಬರೆದೆ. ಹಿರಿಯರು ಅದನ್ನು ನೋಡಿ ತಾಯಿಯ ಕಡೆ ತಿರುಗಿದರು. “ಓದಲು ಬರುತ್ತದೆಯೇ ಅಮ್ಮ?” ಅವರು ತಲೆಯಾಡಿಸಿದರು, ಇಲ್ಲ.

“ನಿಮ್ಮೂರಿನ ಸಂತೆ ಯಾವತ್ತು?”

“ಗುರುವಾರ ಸ್ವಾಮಿ.”

“ಹಾಗಾದರೆ ಸಂತೆಯ ದಿನ ಒಂದು ಮಾತ್ರೆ. ಮತ್ತೆ ಮುಟ್ಟುವುದು ಮುಂದಿನ ಸಂತೆಗೇ. ಎಲ್ಲಿ, ಈಗ ನೀವು ಹೇಳಿ ನೋಡೋಣ.”

ಆ ತಾಯಿ ಒಂದಕ್ಷರ ತಪ್ಪದೆ ಹೇಳಿದರು.

ನಮಸ್ಕಾರ.