ಗ್ಲೂಕೋಸ್ ನೀರು, 75 ಗ್ರಾಂ, ಒಂದೇ ಚುಚ್ಚು

ತಕ್ಕಡಿ, ಪುಡಿ, ಲೋಟ. ಬಸುರಿಯರ ಸಕ್ಕರೆ ಪರೀಕ್ಷೆಗೆ ಇಷ್ಟೇ ಸಾಮಾನು. ಮೊದಲ ಭೇಟಿಯಲ್ಲಿ ಒಮ್ಮೆ, ನಾರ್ಮಲ್ ಬಂದ್ರೂ 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ.

ರಕ್ತ ಅಮ್ಮಂದು, ಚಿಂತೆ ಕೂಸಿಂದು. ಮಾಸು ದಾಟಿ ಗ್ಲೂಕೋಸ್ ಹೋಗುತ್ತೆ, ಅಮ್ಮನ ಇನ್ಸುಲಿನ್ ಹೋಗಲ್ಲ. ಹಾಗಾಗಿ ಕೂಸೇ ಇನ್ಸುಲಿನ್ ಸುರಿಸಿ, ಬಂದದ್ದನ್ನ ಕೊಬ್ಬು ಮಾಡಿಟ್ಕೊಳ್ಳುತ್ತೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಸಕ್ಕರೆ ಬರೋದು ನಿಂತರೂ ಆ ಇನ್ಸುಲಿನ್ ತಕ್ಷಣ ನಿಲ್ಲಲ್ಲ. ಹುಟ್ಟಿದ ಕೆಲವೇ ಗಂಟೆಯಲ್ಲಿ ಇಂಥ ಕೂಸಿನ ಸಕ್ಕರೆ ಕುಸಿಯೋದು ಅದಕ್ಕೇ.

ಈಗ ಪುಡಿ. ಎಡವಟ್ಟೆಲ್ಲ ಇಲ್ಲೇ. 100 ಗ್ರಾಂ ಪೊಟ್ಟಣ ತಂದು ಕಣ್ಣಂದಾಜಲ್ಲಿ ಮುಕ್ಕಾಲು ಸುರಿಯೋದು! 75 ಗ್ರಾಂ ಅನ್ನೋದು ನೀರಿಲ್ಲದ ಗ್ಲೂಕೋಸಿನ ಲೆಕ್ಕ. ಪೊಟ್ಟಣದ ಮೇಲೆ ಮಾನೋಹೈಡ್ರೇಟ್, ಅಂದ್ರೆ ನೀರು ಸೇರಿದ ಗ್ಲೂಕೋಸ್, ಅಂತಿದ್ರೆ 82.5 ಗ್ರಾಂ ತೂಗಬೇಕು. ಕಿತ್ತಳೆ ರುಚಿಯದ್ದು ಬೇಡವೇ ಬೇಡ, ಅದರಲ್ಲಿ ಮನೆ ಸಕ್ಕರೇನೂ ಬೆರೆತಿರಬಹುದು. 300 ಮಿಲಿ ನೀರು, 5ರಿಂದ 10 ನಿಮಿಷದೊಳಗೆ ಲೋಟ ಖಾಲಿ. ಗಟಗಟ ಕುಡಿದ್ರೆ ವಾಂತಿ. ಅರ್ಧ ಗಂಟೆಯೊಳಗೆ ಆಯ್ತೋ, ಅವತ್ತಿನ ಪರೀಕ್ಷೆ ನೀರುಪಾಲು, ನಾಳೆ ಮತ್ತೆ ಬನ್ನಿ. ಅರ್ಧ ಗಂಟೆ ದಾಟಿದ್ದರೆ ಮುಂದುವರಿಸಬಹುದು.

ಎರಡು ಗಂಟೆ ಕೂತಿರಿ, ಓಡಾಡಬೇಡಿ. ಆಮೇಲೆ ರಕ್ತದ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಮೇಲೆ ಬಂದ್ರೆ ಗರ್ಭಾವಸ್ಥೆಯ ಮಧುಮೇಹ. ಒಂದೇ ಚುಚ್ಚು ಅರೆಬರೆ ಕೆಲಸ, ಖಾಲಿ ಹೊಟ್ಟೆಯಲ್ಲಿ 92 ದಾಟೋರು ತಪ್ಪಿಹೋಗ್ತಾರೆ. ಆದ್ರೆ ಬಸ್ಸು ಹತ್ತಿ ಬರೋ ಬಸುರಿಗೆ ಖಾಲಿ ಹೊಟ್ಟೆ, ಮೂರು ಚುಚ್ಚು ಅಂದ್ರೆ ಬರೋದೇ ಬಿಡ್ತಾಳೆ. ಹೋಗ್ಲಿ, ಒಂದೇ ಇರಲಿ.

ರಕ್ತ ಹಾಕೋ ಟ್ಯೂಬ್ ಬೂದು ಮುಚ್ಚಳದ್ದೇ? ಗ್ಲೂಕೋಸ್ ಕಮ್ಮಿಯಾಗದಂತೆ ತಡೆಯೋ ಫ್ಲೋರೈಡ್ ಇರೋದು ಅದರಲ್ಲೇ. ರಕ್ತವನ್ನ ಹಾಗೇ ಇಟ್ರೆ ಕಣಗಳು ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸ್ ತಿಂದುಬಿಡ್ತವೆ. 145 ಇದ್ದೋಳು 138 ಅಂತ ಪಾಸು!

ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರ ಬಸುರಿಯರನ್ನ 100 ಗ್ರಾಂ ಗ್ಲೂಕೋಸ್ ಕುಡಿಸಿ ಪರೀಕ್ಷಿಸಿ, ಅವರ ಮಕ್ಕಳನ್ನ ವರ್ಷಗಟ್ಟಲೆ ಅಳೆದ್ರು. ಒಂಬತ್ತೂವರೆ ವರ್ಷಕ್ಕೆ ಮಧುಮೇಹಿ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ ಮಾತನ್ನ ಮೈ ಕೇಳೋದು ಕಮ್ಮಿ.

ಅಪ್ಪಂದಿರು ಎದ್ದು ಹೋಗ್ಬೇಡಿ. ತಂದೆಗೆ ಟೈಪ್ 2 ಮಧುಮೇಹ ಇದ್ರೂ ಮಗುವಿನ ಅಪಾಯ ಏರುತ್ತೆ. ನಿಮ್ಮ ಸೊಂಟದ ಸುತ್ತಳತೆನೂ ನೋಡೋಣ. ಟೇಪು ಪ್ಯಾಂಟ್ ಕಟ್ಟೋ ಕಡೆ ಅಲ್ಲ ಸ್ವಾಮಿ, ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ. ನಮ್ಮ ಗಂಡಸರಿಗೆ ಗಡಿ 90 ಸೆಂಟಿಮೀಟರ್.

ಅಯ್ಯೋ, ಟೈಮರ್ ಹೊಡ್ಕೊಂಡ್ತು. ಬಸುರಲ್ಲಿ ಸಕ್ಕರೆ ಕಾಯಿಲೆ ಬಂದಿದ್ದೋರು ಹೆರಿಗೆಯಾಗಿ ಆರು ವಾರಕ್ಕೆ ಇದೇ ಲೋಟ ಮತ್ತೆ ಕುಡೀಬೇಕು. ದಿನಾಂಕವನ್ನ ತಾಯಿ ಕಾರ್ಡಲ್ಲಿ ಈಗ್ಲೇ ಬರೆಸ್ಕೊಳ್ಳಿ.