ಎರಡು ಕ್ಲಾಟು, ಒಂದು ಪ್ರೊಜೆಕ್ಟರ್, 300 ರೂಪಾಯಿ ಮುಚ್ಚಳ

ನಮಸ್ಕಾರ್ರಿ. ಇದು ನಾನು ಬಾಡಿಗೆಗೆ ಇರೋ ಮನೆಯ ಮಾಳಿಗೆ, ಧಾರವಾಡದ ಸಪ್ತಾಪುರ. ಬೆಡ್‌ಶೀಟ್ ಕಟ್ಟೋದು ಕಾಣುತ್ತಿದೆ, ಅದನ್ನೇನು ಹೇಳೋದು. ಗಾಳಿ ಜಾಸ್ತಿ ಇತ್ತು, ಅದಕ್ಕೇ ಕೆಳಗೆ ಇಟ್ಟಂಗಿ.

ಇವತ್ತು ಒಂದೇ ಕತೆಯ ಎರಡು ಸಿನಿಮಾ. ಹಳೆಯದು 1951ರ ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’, ರಾಬರ್ಟ್ ವೈಸ್ ಮಾಡಿದ್ದು, ಕಪ್ಪು ಬಿಳುಪು. ಹೊಸದಕ್ಕೂ ಅದೇ ಹೆಸರು, 2008ರದು, ಕೀನು ರೀವ್ಸ್ ಇದ್ದಾನೆ. ಬೇರೆ ಲೋಕದಿಂದ ಕ್ಲಾಟು ಅನ್ನೋನು ಬರುತ್ತಾನೆ, ಜೊತೆಗೆ ಗಾರ್ಟ್ ಅನ್ನೋ ರೋಬೋ. ಬಂದು ನಿಂತ ಕೂಡಲೇ ಭೂಮಿಯವರು ಗುಂಡು ಹಾರಿಸುತ್ತಾರೆ. ಇಲ್ಲೀತನಕ ಎರಡೂ ಒಂದೇ.

ಈ ಡಬ್ಬಿ ಬಿಚ್ಚೋ ಶಾಟ್ ಸ್ವಲ್ಪ ಗಮನವಿಟ್ಟು ನೋಡಿ. ಪ್ರೊಜೆಕ್ಟರ್, ರಿಮೋಟ್, ವಾಯರ್. ಲೆನ್ಸ್ ಮುಚ್ಚಳ ಇದೆಯಾ? ಇಲ್ಲ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹುಬ್ಬಳ್ಳಿಯ ಒಂದು ಅಂಗಡಿಯಿಂದ ತಂದದ್ದು, ಹೆಸರು ಹೇಳೋದಿಲ್ಲ. ಫೋನಿನಲ್ಲಿ “ದಿನಕ್ಕ 600 ರೀ, ಮುಗೀತು” ಅಂದಿದ್ದರು. ಹೋದ ಮೇಲೆ ಎಲ್ಲಿ ಮುಗಿಯುತ್ತದೆ? ಕೇಬಲ್ ಬೇರೆ, 100. ಡಿಪಾಸಿಟ್ 3000. ಪರದೆಗೆ 250 ಅಂದಾಗ ನನಗೆ ಮನೆಯ ಬೆಡ್‌ಶೀಟ್ ನೆನಪಾಯಿತು.

ಸರಿ, ಮೊದಲು ಹಳೆಯದು. ಕ್ಲಾಟು ಆಸ್ಪತ್ರೆಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗುತ್ತಾನೆ ಗೊತ್ತಾ? ಬೆಟ್ಟಕ್ಕಲ್ಲ, ಸುರಂಗಕ್ಕಲ್ಲ. ವಾಷಿಂಗ್ಟನ್‌ನಲ್ಲೇ ಒಂದು ಬಾಡಿಗೆ ಖೋಲಿಗೆ. ಮೈಮೇಲೆ ಕದ್ದ ಸೂಟು, ಅದರ ಲಾಂಡ್ರಿ ಚೀಟಿಯಲ್ಲಿ ಇದ್ದ ಕಾರ್ಪೆಂಟರ್ ಅನ್ನೋದೇ ಅವನ ಹೆಸರು. ಬೆಳಿಗ್ಗೆ ಎಲ್ಲರ ಜೊತೆ ನಾಷ್ಟಾಕ್ಕೆ ಕೂರುತ್ತಾನೆ. ಎಲ್ಲರ ಬಾಯಲ್ಲೂ ಅವನದೇ ಸುದ್ದಿ. ಒಬ್ಬ ಹೆಂಗಸು ಪಟ್ಟು ಹಿಡಿದಿರುತ್ತಾಳೆ: ಅವನು ಆಕಾಶದಿಂದ ಬಂದವನೇ ಅಲ್ಲ, ಇಲ್ಲೇ ಭೂಮಿ ಮೇಲಿನವನು, ಎಲ್ಲಿಯವನು ಅಂತ ನಿಮಗೂ ಗೊತ್ತು! ರಷ್ಯಾ ಅಂತ ಬಾಯಿಬಿಟ್ಟು ಹೇಳೋದಿಲ್ಲ. ಕೊರಿಯಾ ಯುದ್ಧ ನಡೆಯುತ್ತಿದ್ದ ಕಾಲ, ಹೇಳೋ ಅಗತ್ಯವೂ ಇರಲಿಲ್ಲ. ಕ್ಲಾಟು ಸುಮ್ನೆ ಕೇಳಿಸಿಕೊಳ್ಳುತ್ತಾನೆ. ಧಾರವಾಡದ ಖಾನಾವಳಿಯಲ್ಲಿ ಉಂಡವರಿಗೆ ಈ ಸೀನ್ ಬಿಡಿಸಿ ಹೇಳಬೇಕಿಲ್ಲ. ಎರಡನೇ ರೊಟ್ಟಿ ಬರೋದರೊಳಗೆ ದೇಶದ ಅರ್ಧ ಸಮಸ್ಯೆ ತೀರ್ಮಾನ ಆಗಿರುತ್ತದೆ, ಅಲ್ವಾ?

ಈಗ ಬಂದು ಕೂತವರು ಮನೆ ಮಾಲಕಿ ಕಾಕೂ. ಮುಖ ತೋರಿಸಬೇಡ ಅಂದಿದ್ದಾರೆ, ಹಾಗಾಗಿ ಬರೀ ಸೆರಗು ಕಾಣುತ್ತದೆ. ನಾನೇ ಕತೆ ಹೇಳುತ್ತಾ ಹೋದೆ. “ಭಾಳ ಸಂಭಾವಿತ ಅದಾನ ನೋಡು. ನಮ್ಮ ಹಿಂದಿನ ಖೋಲಿ ಖಾಲಿ ಐತಿ, ಇಂಥವರಿಗೆ ಕೊಡಬೇಕು” ಅಂದರು. ನನಗೆ ಖೋಲಿ ಕೊಡುವಾಗ ಇದೇ ಕಾಕೂ ಆಧಾರ್ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿದ್ದರು.

ಆ ಮನೆಯಲ್ಲಿ ಬಾಬಿ ಅಂತ ಒಬ್ಬ ಹುಡುಗ. ಅವನ ಹತ್ತಿರ ಎರಡು ಡಾಲರ್ ಇಸಿದುಕೊಂಡು ಕ್ಲಾಟು ಎರಡು ವಜ್ರ ಕೊಡುತ್ತಾನೆ. ಸಿನಿಮಾ ಟಿಕೆಟ್ಟಿಗೆ! ಡಿಪಾಸಿಟ್ ಅಂದರೆ ಹೀಗಿರಬೇಕು ನೋಡಿ. ಆಮೇಲೆ ಆರ್ಲಿಂಗ್ಟನ್ ಸ್ಮಶಾನ. ಬಾಬಿಯ ಅಪ್ಪ ಯುದ್ಧದಲ್ಲಿ ಸತ್ತವನು. ಇವರೆಲ್ಲ ಯುದ್ಧದಲ್ಲೇ ಸತ್ತವರಾ ಅಂತ ಕ್ಲಾಟು ಕೇಳುತ್ತಾನೆ. ಹೆಚ್ಚಿನವರು ಹೌದು ಅಂತ ಹುಡುಗ, ಇಷ್ಟೂ ಗೊತ್ತಿಲ್ಲವಾ ಅನ್ನೋ ಧಾಟಿಯಲ್ಲಿ. ಅಳು ಇಲ್ಲ, ಪಿಟೀಲು ಇಲ್ಲ. ಕಾಕೂ ಮಾತ್ರ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗಾರ್ಟ್ ಒಳಗೆ ಇರೋದು ಲಾಕ್ ಮಾರ್ಟಿನ್. ಏಳು ಅಡಿ ಮೀರಿದ ಆಳು, ಹಾಲಿವುಡ್‌ನ ಒಂದು ಥಿಯೇಟರಿನ ಬಾಗಿಲಲ್ಲಿ ನಿಲ್ಲುತ್ತಿದ್ದ ಡೋರ್‌ಮ್ಯಾನ್. ಹೆಜ್ಜೆ ಹಾಕುವಾಗ ಮೊಣಕಾಲ ಹತ್ತಿರ ಸೂಟು ಸುಕ್ಕಾಗೋದು ನನ್ನ ಬೆಡ್‌ಶೀಟ್ ಮೇಲೂ ಕಂಡಿತು. ಆದರೂ ಕಣ್ಣಿನ ಪಟ್ಟಿ ಮೆಲ್ಲಗೆ ಮೇಲೇಳುವಾಗ, ಹಿಂದೆ ಬರ್ನಾರ್ಡ್ ಹರ್ಮನ್ ಸಂಗೀತ, ಕೈ ತಾಗಿಸದೆ ನುಡಿಸೋ ಥೆರೆಮಿನ್ ವಾದ್ಯದ ಆ ನಡುಗೋ ದನಿ... ಹೆದರಿಕೆ ಆಗುತ್ತದೆ ರೀ.

ಇದು ಗಿರ್ಮಿಟ್. ಮೇಲೆ ಹಸಿ ಉಳ್ಳಾಗಡ್ಡಿ, ಪಕ್ಕಕ್ಕೆ ಮಿರ್ಚಿ. ಗಿರ್ಮಿಟ್ ಕಟ್ಟಿಸಿಕೊಂಡು ಮನೆಗೆ ತರಬಾರದು, ಬರೋದರೊಳಗೆ ಚುರುಮರಿ ಮೆತ್ತಗಾಗಿರುತ್ತದೆ. ಅಲ್ಲೇ ನಿಂತು ತಿನ್ನಬೇಕು. ಈ ಮಿರ್ಚಿಯಲ್ಲಿ ಜೀರಿಗೆ ತುಂಬಿದ್ದು... ಆಯಿತು, ಹೊಸ ಸಿನಿಮಾ ಶುರುವಾಯಿತು.

ಇದನ್ನು ಬೈಯಬೇಕು ಅಂತಲೇ ಕೂತಿದ್ದೆ. ಮೊದಲ ಭಾಗ ಬೈಯೋಕೆ ಬಿಡಲಿಲ್ಲ. ರಾತ್ರೋರಾತ್ರಿ ಗಾಡಿಗಳು ಬಂದು ವಿಜ್ಞಾನಿಗಳನ್ನು ಎತ್ತಿಕೊಂಡು ಹೋಗುತ್ತವೆ, ಯಾಕೆ ಅಂತ ಯಾರೂ ಹೇಳೋದಿಲ್ಲ. ಆಮೇಲೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹೊಳೆಯೋ ಗೋಳ. ಕೀನು ರೀವ್ಸ್ ಮುಖದಲ್ಲಿ ಏನೂ ಕಾಣೋದಿಲ್ಲ ಅಂತ ಜನ ಬೈಯುತ್ತಾರೆ. ಮನುಷ್ಯನ ದೇಹದೊಳಗೆ ಈಗಷ್ಟೇ ಬಂದವನ ಮುಖದಲ್ಲಿ ಏನು ಕಾಣಬೇಕು? ನನಗೆ ಒಪ್ಪಿಗೆಯಾಯಿತು.

ಹಳೆಯ ಕ್ಲಾಟು ಬಂದದ್ದು ಅಣುಬಾಂಬಿನ ಬಗ್ಗೆ ಎಚ್ಚರಿಸೋಕೆ, ಇಲ್ಲಿ ಆ ಜಾಗಕ್ಕೆ ಪರಿಸರ ಬಂದಿದೆ. ಭೂಮಿ ಸತ್ತರೆ ನೀವೂ ಸಾಯುತ್ತೀರಿ, ನೀವು ಸತ್ತರೆ ಭೂಮಿ ಉಳಿಯುತ್ತದೆ, ಇದು ಇವನ ಲೆಕ್ಕ. ಅದೂ ಸರಿಯೇ. ಆದರೆ ಖೋಲಿ ಎಲ್ಲಿ? ನಾಷ್ಟಾ ಎಲ್ಲಿ? ಇವನು ಕಾರಿನಲ್ಲೇ ಇರುತ್ತಾನೆ, ಇಲ್ಲಾಂದ್ರೆ ಕಾಡಿನಲ್ಲಿ. ಯಾರ ಜೊತೆಗೂ ಕೂತು ಉಣ್ಣದವನು ಮನುಷ್ಯರ ಬಗ್ಗೆ ತೀರ್ಪು ಕೊಡಲು ಹೊರಟಿದ್ದಾನೆ. ಗಾರ್ಟ್ ಈಗ ಮನೆಗಿಂತ ಎತ್ತರ, ಕೊನೆಗೆ ಪುಡಿಪುಡಿಯಾಗಿ ಲೋಹದ ಹುಳಗಳ ಮೋಡ ಆಗಿ ಲಾರಿ, ಸ್ಟೇಡಿಯಂ ಎಲ್ಲ ತಿನ್ನುತ್ತದೆ. ಕಾಕೂ ಆಕಳಿಸಿ ಕೆಳಗೆ ಹೋದರು.

ತಡೀರಿ, ಒಂದು ಸೀನ್ ಮಾತ್ರ ಬಿಡಬಾರದು. ಬರ್ಗರ್ ಅಂಗಡಿಯಲ್ಲಿ ಕ್ಲಾಟು ಒಬ್ಬ ಮುದುಕನನ್ನು ಭೇಟಿಯಾಗುತ್ತಾನೆ. ಜೇಮ್ಸ್ ಹಾಂಗ್ ಮಾಡಿದ ಪಾತ್ರ. ಅವನೂ ಬೇರೆ ಲೋಕದವನೇ, 70 ವರ್ಷದಿಂದ ಇಲ್ಲೇ ಇದ್ದಾನೆ. ಇಬ್ಬರೂ ಚೀನೀ ಭಾಷೆಯಲ್ಲಿ ಮಾತಾಡುತ್ತಾರೆ. ಈ ಜನ ತಮ್ಮನ್ನು ತಾವೇ ಹಾಳು ಮಾಡಿಕೊಳ್ಳುವವರು, ಬದಲಾಗೋದಿಲ್ಲ ಅಂತ ಮುದುಕನೇ ಹೇಳುತ್ತಾನೆ. ಹಾಗಂತ ಹೇಳಿ, ನಾನು ಮಾತ್ರ ಇಲ್ಲೇ ಸಾಯುತ್ತೇನೆ, ಇವರ ಮೇಲೆ ಪ್ರೀತಿ ಬಂದುಬಿಟ್ಟಿದೆ ಅನ್ನುತ್ತಾನೆ. ಆ ಮುದುಕನ ಸಿನಿಮಾ ಮಾಡಬೇಕಿತ್ತು! ಅದನ್ನು ಬಿಟ್ಟು ಇಲ್ಲೂ ಸ್ಮಶಾನಕ್ಕೆ ಹೋದರು. ಕ್ಲಾಟುವಿನ ಜೊತೆಗಿದ್ದ ಹುಡುಗ ಸತ್ತ ಅಪ್ಪನನ್ನು ಬದುಕಿಸು ಅಂತ ಅಳುತ್ತಾನೆ, ಮಲತಾಯಿ ಅಪ್ಪಿಕೊಳ್ಳುತ್ತಾಳೆ, ಕ್ಲಾಟುವಿನ ಮನಸ್ಸು ತಿರುಗುತ್ತದೆ. ಇಡೀ ಮನುಷ್ಯಕುಲ ಒಂದು ಅಪ್ಪುಗೆಯಲ್ಲಿ ಪಾಸು.

ಇದು ಮರುದಿನ, ಹುಬ್ಬಳ್ಳಿ. ಅಂಗಡಿಯವರು ಡಬ್ಬಿ ತೆಗೆದು ಮೊದಲ ಮಾತಿಗೇ “ಲೆನ್ಸ್ ಕ್ಯಾಪ್ ಎಲ್ರೀ?” ಅಂದರು. ಬಂದಿರಲೇ ಇಲ್ಲ ಅಂದೆ. “ಎಲ್ಲಾರೂ ಹಿಂಗ ಅಂತಾರ್ರೀ.” ವಿಡಿಯೋ ತೋರಿಸಿದೆ, ನೀವು ನೋಡಿದಿರಲ್ಲ, ಅದೇ ಶಾಟ್. ಕನ್ನಡಕ ಏರಿಸಿ ಪೂರಾ ನೋಡಿದರು. “ವಿಡಿಯೋದಾಗ ಕಾಣಲಿಲ್ಲ ಅಂದ್ರ ಇರಲಿಲ್ಲ ಅಂತ ಹೆಂಗಾತು? ತಳದಾಗ ಇದ್ದಿರ್ತದ.” ಡಬ್ಬಿಯ ತಳ ಎತ್ತಿ ತೋರಿಸಿದೆ. ಅಲ್ಲಿ ಯಾರದೋ ಮದುವೆಯ ಅಕ್ಷತೆ ಕಾಳು ಇತ್ತು. “ಮತ್ತ ನೋಡ್ರಿ, ಅಕ್ಷತಿ ಬೀಳ್ತದ, ಕ್ಯಾಪ್ ಬೀಳಂಗಿಲ್ಲೇನು?” ಇದಕ್ಕೆ ಏನಂತೀರಿ? ಅವರ ಡ್ರಾದಲ್ಲೇ ಮುಚ್ಚಳಗಳ ರಾಶಿ ಇತ್ತು, ಒಂದೂ ಇದಕ್ಕೆ ಹೊಂದೋದಲ್ಲವಂತೆ, ಹಾಕಿಯೂ ನೋಡಲಿಲ್ಲ. 300 ಮುರಿದುಕೊಂಡರು. ಹೊಸ ಮುಚ್ಚಳ ತಂದುಕೊಡುತ್ತೇನೆ ಅಂದರೆ ಅದಕ್ಕೂ ಒಲ್ಲೆ ಅಂದರು. ರಸೀದಿ ಕೇಳಿದರೆ ಬುಕ್ಕು ಮನೆಯಲ್ಲಿದೆಯಂತೆ.

ಚಿಗರಿ ಬಸ್ಸು ಹತ್ತಿದ್ದೇನೆ, ಕೊನೆಯ ಸೀನುಗಳ ಮಾತು ಇಲ್ಲೇ ಮುಗಿಸುತ್ತೇನೆ. ಹಳೆಯದರ ಕೊನೆಯಲ್ಲಿ ಕ್ಲಾಟು ಭಾಷಣ ಮಾಡುತ್ತಾನೆ: ನಿಮ್ಮ ನಿಮ್ಮ ಜಗಳ ನಿಮಗೆ, ಅದನ್ನು ಹೊರಗೆ ತಂದರೆ ಭೂಮಿಯನ್ನೇ ಸುಟ್ಟು ಬೂದಿ ಮಾಡುತ್ತೇವೆ. ಅಲ್ಲೀತನಕ ಸಂಭಾವಿತ, ಕೊನೆಗೆ ಫೌಜದಾರ! ನನಗೆ ಇಷ್ಟ ಆಗಲಿಲ್ಲ. ಭಾಷಣ ಇಲ್ಲದ ಹೊಸದೇ ವಾಸಿ ಅಂತ ರಾತ್ರಿ ಅನ್ನಿಸಿತ್ತು. ಆದರೆ ಅಲ್ಲಿ ಇವನು ಹುಳಗಳನ್ನು ನಿಲ್ಲಿಸಿ, ಅದರ ಜೊತೆಗೆ ಜಗತ್ತಿನ ಕರೆಂಟನ್ನೆಲ್ಲ ನಿಲ್ಲಿಸಿ ಹೊರಟುಬಿಡುತ್ತಾನೆ. ಐಸಿಯುನಲ್ಲಿ ಇದ್ದವರ ಗತಿ? ಅದನ್ನು ತೋರಿಸೋದೇ ಇಲ್ಲ. 1951ರವನು ಜಗತ್ತಿಗೆಲ್ಲ ಕರೆಂಟ್ ತೆಗೆದದ್ದು ಬರೀ ಅರ್ಧ ಗಂಟೆ, ಅದರಲ್ಲೂ ಆಸ್ಪತ್ರೆ ಮತ್ತು ಹಾರುತ್ತಿದ್ದ ವಿಮಾನ ಬಿಟ್ಟು. ಅವನು ಆಸ್ಪತ್ರೆಯಲ್ಲಿ ಮಲಗಿ ಬಂದವನು, ಖೋಲಿಯಲ್ಲಿ ಇದ್ದವನು. ಹಾಗಾಗಿ ಹಳೆಯದೇ, ಭಾಷಣ ಸಮೇತ. ಮುಂದಿನ ಸಲ ಯಾವ ಸಿನಿಮಾ ಅಂತ... ಅಯ್ಯೋ, ಜುಬಿಲಿ ಸರ್ಕಲ್ ಬಂತು, ಇಳೀತೀನಿ.