ಒಂದು ಒಳ್ಳೆಯ ಕೊಕ್ಕೊ ಮರ ಮತ್ತು ಅದರ ಸಾವಿರ ನಕಲು

ನಮಸ್ಕಾರ. ನಮ್ಮ ಅಡಿಕೆ ತೋಟದ ಕೆಳಗಿನ ತಟ್ಟಿನಲ್ಲಿ, ತೋಡಿನ ಬದಿಗೆ, ಒಂದು ಕೊಕ್ಕೊ ಮರವಿದೆ. ಆಟಿ ತಿಂಗಳ ಮಳೆಯಲ್ಲಿ ಸುತ್ತಲಿನ ಮರಗಳ ಕಾಯಿಗಳು ತುದಿಯಿಂದಲೋ ತೊಟ್ಟಿನಿಂದಲೋ ಕಂದು ಬಣ್ಣಕ್ಕೆ ತಿರುಗಿ, ಕೆಲವೇ ದಿನಗಳಲ್ಲಿ ಪೂರ್ತಿ ಕಪ್ಪಾಗಿ, ಮೇಲೆ ಬಿಳಿಯ ಬೂಸು ಹಿಡಿದು ನಿಂತಿರುವಾಗ ಈ ಮರದ ಕಾಯಿಗಳು ಮಾತ್ರ ಬಹುಮಟ್ಟಿಗೆ ಹಸಿರಾಗಿಯೇ ಉಳಿಯುತ್ತವೆ. ಕಳೆದ ವರ್ಷ ತೋಟ ನೋಡಲು ಬಂದ ನೆಂಟರೊಬ್ಬರು ಇದನ್ನು ಕಂಡು, "ಭಾವ, ಬಾಳೆಯದ್ದು ಮಾಡುತ್ತಾರಲ್ಲ, ಹಾಗೆಯೇ ಇದರದ್ದೂ ಟಿಶ್ಯೂ ಕಲ್ಚರ್ ಮಾಡಿಸಿ ಸಾವಿರ ಗಿಡ ನೆಟ್ಟರಾಯಿತಲ್ಲ?" ಎಂದು ಕೇಳಿದರು. ಅವರಿಗೆ ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೆ. ಉಳಿದರ್ಧವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಪ್ರಶ್ನೆ ಸಹಜವಾದದ್ದೇ. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಲ್ಲಿ ಫಸಲು ಕೈಕೊಟ್ಟು, 2024ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ, ಹಿಂದೊಮ್ಮೆ ಬೆಲೆ ಕುಸಿದಿತ್ತೆಂದು ಮರಗಳನ್ನು ಕಡಿದುಹಾಕಿದ್ದವರೂ ಮತ್ತೆ ಸಸಿ ಹುಡುಕತೊಡಗಿದರು. ಇಂಥ ಹೊತ್ತಿನಲ್ಲಿ 'ಟಿಶ್ಯೂ ಕಲ್ಚರ್' ಎಂಬ ಮಾತು ಒಂದು ತಳಿಯ ಹೆಸರಿನಂತೆ ಬಾಯಿಂದ ಬಾಯಿಗೆ ದಾಟುತ್ತದೆ. ಆದರೆ ಟಿಶ್ಯೂ ಕಲ್ಚರ್, ಅಂದರೆ ಅಂಗಾಂಶ ಕೃಷಿ, ಗಿಡದ ಒಂದು ಚೂರಿನಿಂದ ಬಾಟಲಿಯಲ್ಲಿ ಗಿಡ ಮಾಡುವ ಒಂದು ವಿಧಾನವಷ್ಟೇ. ಒಳ್ಳೆಯ ಮರವನ್ನು ಕೊಟ್ಟರೆ ಒಳ್ಳೆಯ ಗಿಡಗಳು ಬರುತ್ತವೆ, ಸಾಧಾರಣ ಮರವನ್ನು ಕೊಟ್ಟರೆ ಅಷ್ಟೇ ನಿಷ್ಠೆಯಿಂದ ಸಾಧಾರಣ ಗಿಡಗಳೇ ಬರುತ್ತವೆ. ಮರವನ್ನು ಸುಧಾರಿಸಲು ಬೇಕಾದ ಬಂಡವಾಳ ಬೇರೆ. ಅದು ಬಗೆಬಗೆಯ ಮರಗಳು ಮತ್ತು ಅವನ್ನು ವರ್ಷಗಟ್ಟಲೆ ಗಮನಿಸುವ ಜನ. ಸರ್ಕಾರದ ಹಣವೂ ನಮ್ಮ ಗಮನವೂ ಮೊದಲು ಅಲ್ಲಿಗೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗೆಂದು ಪ್ರಯೋಗಾಲಯದ ಕೆಲಸವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಬಾಳೆಯಲ್ಲಿ ಕಂದಿನ ಒಳಗಿನ ಬೆಳೆಯುವ ತುದಿಯನ್ನು ತೆಗೆದು ಬಾಟಲಿಯಲ್ಲಿಟ್ಟರೆ ಅದು ಚಿಗುರಿನ ಮೇಲೆ ಚಿಗುರು ಕೊಡುತ್ತದೆ. ಕೊಕ್ಕೊದ ಬೆಳೆದ ಮರದಿಂದ ತೆಗೆದ ಚಿಗುರು ಅಷ್ಟು ಸುಲಭವಾಗಿ ಒಲಿಯಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಹೂವಿನಲ್ಲಿ. ಕೊಕ್ಕೊ ಹೂವನ್ನು ಹತ್ತಿರದಿಂದ ನೋಡದವರು ಒಮ್ಮೆ ನೋಡಬೇಕು. ಕಾಂಡಕ್ಕೇ ಅಂಟಿಕೊಂಡಂತೆ ಬಿಡುವ, ಉಗುರಿನಷ್ಟೇ ಅಗಲದ ಹೂವು. ಐದು ಎಸಳುಗಳ ಬುಡ ಪುಟ್ಟ ಚೀಲದಂತೆ ಬಾಗಿರುತ್ತದೆ, ಪರಾಗ ಹೊತ್ತ ಕೇಸರ ಆ ಚೀಲದೊಳಗೆ ಅಡಗಿರುತ್ತದೆ. ನಡುವೆ ಐದು ನೇರಳೆ ಕಡ್ಡಿಗಳು ಬೇಲಿಯಂತೆ ನೆಟ್ಟಗೆ ನಿಂತಿರುತ್ತವೆ. ಅವು ಪರಾಗವಿಲ್ಲದ ಬರಡು ಕೇಸರಗಳು, ಅವುಗಳಿಂದ ಬೀಜವಾಗುವುದಿಲ್ಲ. ಆದರೆ ಇಡೀ ಮರವನ್ನು ಮತ್ತೆ ಪಡೆಯಲು ವಿಜ್ಞಾನಿಗಳಿಗೆ ಒದಗಿಬಂದದ್ದು ಮುಖ್ಯವಾಗಿ ಈ ಬರಡು ಕೇಸರಗಳೇ.

ಕೆಲಸ ನಡೆಯುವುದು ಹೀಗೆ. ಇನ್ನೂ ಅರಳದ ಮೊಗ್ಗನ್ನು ಬೆಳಗ್ಗೆಯೇ ಕಿತ್ತು, ಸೋಂಕು ತೆಗೆದು, ಬುಡದಲ್ಲಿ ಅಡ್ಡಲಾಗಿ ಕತ್ತರಿಸಿ, ಒಳಗಿನ ಬರಡು ಕೇಸರಗಳನ್ನೂ ಎಸಳುಗಳನ್ನೂ ಚಿಮಟದಿಂದ ಎಳೆದು, ಸಕ್ಕರೆ ಮತ್ತು ಲವಣಗಳಿರುವ ಮಾಧ್ಯಮದ ಮೇಲೆ ಕತ್ತಲೆಯಲ್ಲಿ ಇಡುತ್ತಾರೆ. ಆ ಮಾಧ್ಯಮಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುವ ಚೋದಕಗಳಲ್ಲಿ 2,4-ಡಿ ಕೂಡ ಒಂದು. ಹೌದು, ನಾವು ಕಳೆನಾಶಕವೆಂದು ಅಂಗಡಿಯಿಂದ ತರುವ ಅದೇ ವಸ್ತು. ಹೆಚ್ಚಾದರೆ ಗಿಡವನ್ನು ಕೊಲ್ಲುವ ಅದು ಕಣದಷ್ಟಿದ್ದಾಗ ಜೀವಕೋಶಗಳನ್ನು ತಮ್ಮ ಹಳೆಯ ಕೆಲಸ ಬಿಟ್ಟು ಹೊಸದಾಗಿ ವಿಭಜಿಸುವಂತೆ ಪ್ರೇರೇಪಿಸುತ್ತದೆ. ವಾರಗಳ ಮೇಲೆ, ಚೋದಕವಿಲ್ಲದ ಮಾಧ್ಯಮಕ್ಕೆ ಬದಲಾಯಿಸಿದಾಗ, ಕಂದುಬಣ್ಣದ ಗಂಟಿನ ಮೇಲೆ ಬಿಳಿಯ ಪುಟ್ಟ ಭ್ರೂಣಗಳು ಮೂಡುತ್ತವೆ. ತಂದೆ ತಾಯಿಗಳ ಬೆರಕೆಯಿಲ್ಲದೆ, ಒಂದೇ ಮರದಿಂದ ಹುಟ್ಟಿದ ಭ್ರೂಣಗಳವು. ಆ ಭ್ರೂಣಗಳ ಬೀಜದಳಗಳನ್ನು ಕತ್ತರಿಸಿಟ್ಟರೆ ಎರಡನೆಯ ತಲೆಮಾರಿನ ಭ್ರೂಣಗಳು ಬರುತ್ತವೆ, ಸಂಖ್ಯೆ ಏರುವುದು ಅಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ತೊಂಬತ್ತರ ದಶಕದ ಕೊನೆಯಲ್ಲಿ ಈ ವಿಧಾನವನ್ನು ಹಲವು ತಳಿಗಳಿಗೆ ಹೊಂದುವಂತೆ ರೂಪಿಸಿತು. ಆದರೂ ಎಲ್ಲ ತಳಿಗಳೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಒಂದು ಮರದ ಹೂವು ನೂರಾರು ಭ್ರೂಣ ಕೊಟ್ಟರೆ ಇನ್ನೊಂದರ ಹೂವು ಕಪ್ಪಾಗಿ ಸುಮ್ಮನಾಗುತ್ತದೆ.

ಹೀಗೆ ಬಂದ ಗಿಡಕ್ಕೆ ತಾಯಿಬೇರು ಇರುತ್ತದೆ, ಬೀಜದಿಂದ ಹುಟ್ಟಿದ ಗಿಡದಂತೆ ನೇರವಾಗಿ ಏರಿ ಆಮೇಲೆ ಕೊಂಬೆ ಹರಡುತ್ತದೆ. ನಾವು ಹರಡುಕೊಂಬೆಯ ಕಡ್ಡಿಯಿಂದ ಮಾಡುವ ಕಸಿಗಿಡವಾದರೋ ಬುಡದಿಂದಲೇ ಪೊದೆಯಂತೆ ಅಗಲವಾಗುತ್ತದೆ, ಸವರುವ ಕೆಲಸ ಹೆಚ್ಚು. ಅಂಗಾಂಶ ಕೃಷಿಯ ಗಿಡದ ಈ ಅನುಕೂಲವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ಈಗ ಇಂಡೋನೇಷ್ಯಾಕ್ಕೆ ಹೋಗೋಣ. ಅಲ್ಲಿನ ಸರ್ಕಾರ 2009ರಲ್ಲಿ ಆರಂಭಿಸಿದ ಕೊಕ್ಕೊ ಪುನಶ್ಚೇತನ ಕಾರ್ಯಕ್ರಮದಲ್ಲಿ, ಜಾವಾದ ಜೆಂಬರ್‌ನಲ್ಲಿರುವ ಸಂಶೋಧನಾ ಕೇಂದ್ರದ ಪ್ರಯೋಗಾಲಯದಿಂದ ಇಂಥ ಸಸಿಗಳನ್ನು ಕೋಟಿಗಳ ಲೆಕ್ಕದಲ್ಲಿ ಹಂಚಿತು. ಈ ವಿಧಾನವನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಅದೇ ಮೊದಲು. ಫಲವೇನಾಯಿತೆಂದರೆ, ಸುಲವೇಸಿ ದ್ವೀಪದ ಅನೇಕ ರೈತರು ಸಿಕ್ಕಿದ ಗಿಡಗಳಿಂದ ತೃಪ್ತರಾಗದೆ, ಅವುಗಳ ಮೇಲೆಯೇ ತಮ್ಮ ಊರಿನ ತಳಿಗಳ ಕಸಿ ಕಟ್ಟಿಕೊಂಡರು. ಹಾಗೆ ಹರಡಿದ ತಳಿಗಳಲ್ಲಿ ಕೆಲವು ಮಸಾಂಬ ಎಂಬ ಊರಿನ ರೈತರ ತೋಟದಲ್ಲಿಯೇ ಆಯ್ಕೆಯಾದವು. ಇದನ್ನು ನಾನು ಪ್ರಯೋಗಾಲಯದ ಸೋಲೆಂದು ಹೇಳಲಾರೆ. ಯಾವ ಮರವನ್ನು ಯಾವ ಮಣ್ಣಿಗೆ, ಯಾವ ಮಳೆಗೆ, ಯಾರ ತೋಟಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಸಂಖ್ಯೆ ಓಡಿತು.

ಕೊಕ್ಕೊದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಸಸಿ ಮಾರುವವರು ಹೇಳುವುದು ಕಡಿಮೆ. ಬಹಳಷ್ಟು ಕೊಕ್ಕೊ ಮರಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ನೊಣಕ್ಕಿಂತಲೂ ಎಷ್ಟೋ ಚಿಕ್ಕದಾದ ನುಸಿಯೊಂದು ಕೊಳೆತ ಎಲೆಯ ತೇವದಲ್ಲಿ ಹುಟ್ಟಿ, ಪಕ್ಕದ ಬೇರೆ ಮರದ ಪರಾಗವನ್ನು ತಂದರೆ ಮಾತ್ರ ಅಂಥ ಮರದಲ್ಲಿ ಕಾಯಿ ನಿಲ್ಲುತ್ತದೆ. ಬಿಟ್ಟ ಹೂವುಗಳಲ್ಲಿ ಕಾಯಾಗುವುದು ನೂರಕ್ಕೆ ಐದೂ ಇಲ್ಲ. ಒಂದೇ ಮರದ ಸಾವಿರ ನಕಲುಗಳೆಂದರೆ ಪರಾಗದ ಲೆಕ್ಕದಲ್ಲಿ ಒಂದೇ ಮರ. ತೋಡಿನ ಬದಿಯ ನಮ್ಮ ಮರ ಸ್ವಪರಾಗವನ್ನು ಒಲ್ಲದ ಜಾತಿಯದಾಗಿದ್ದರೆ, ನೆಂಟರ ಸಲಹೆಯಂತೆ ಅದರದ್ದೇ ಸಾವಿರ ಗಿಡ ನೆಟ್ಟ ತೋಟದಲ್ಲಿ ಹೂವು ತುಂಬಿರುತ್ತಿತ್ತು, ಕಾಯಿ ಮಾತ್ರ ಕಾಣುತ್ತಿರಲಿಲ್ಲ.

ರೋಗದ ಮಾತಂತೂ ಇನ್ನೂ ಗಂಭೀರವಾದದ್ದು. ಬ್ರೆಜಿಲ್‌ನ ಬಹಿಯಾ ಪ್ರಾಂತ್ಯಕ್ಕೆ 1989ರಲ್ಲಿ ಪೊರಕೆ ರೋಗ ಕಾಲಿಟ್ಟಿತು. ಶಿಲೀಂಧ್ರ ತಗಲಿದ ಚಿಗುರುಗಳು ಪೊರಕೆಯ ಹಾಗೆ ಗುಂಪಾಗಿ ಒಡೆದು ಒಣಗುವುದರಿಂದ ಅದಕ್ಕೆ ಆ ಹೆಸರು. ಬಹುಮಟ್ಟಿಗೆ ಒಂದೇ ಬಗೆಯ ಮರಗಳು ತುಂಬಿದ್ದ ಆ ಸೀಮೆಯಲ್ಲಿ ತಡೆಯುವವರೇ ಇರಲಿಲ್ಲ. ಸುಮಾರು ಹತ್ತು ವರ್ಷಗಳಲ್ಲಿ ಬ್ರೆಜಿಲ್‌ನ ಉತ್ಪಾದನೆ ಹಿಂದಿನ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿಯಿತು, ತೋಟಗಳನ್ನು ನಂಬಿದ್ದ ಕೂಲಿಯವರು ಊರು ಬಿಟ್ಟರು.

ಆಗ ಕೈಹಿಡಿದ ಮರಗಳ ಕಥೆ ಅದಕ್ಕೂ ಐವತ್ತು ವರ್ಷ ಹಿಂದಿನದು. ಇದೇ ರೋಗದಿಂದ ಟ್ರಿನಿಡಾಡ್ ನಲುಗಿದ್ದಾಗ, ಎಫ್. ಜೆ. ಪೌಂಡ್ ಎಂಬ ಸಸ್ಯವಿಜ್ಞಾನಿ 1937-38ರಲ್ಲಿ ಅಮೆಜಾನಿನ ಮೇಲ್ದಂಡೆಗೆ, ಕೊಕ್ಕೊದ ತವರಿಗೇ ಹೋದರು. ರೋಗ ಹಳೆಯದಾಗಿರುವ ಕಡೆ ಅದನ್ನು ತಾಳಿಕೊಂಡ ಮರಗಳೂ ಇರಬೇಕೆಂಬುದು ಅವರ ತರ್ಕ. ಅವರು ತಂದ ಕಾಯಿಗಳಿಂದ ಬೆಳೆದ ಮರಗಳಲ್ಲಿ ಸ್ಕಾವಿನಾ 6 ಎಂಬುದು ಪೊರಕೆ ರೋಗಕ್ಕೆ ಜಗ್ಗಲಿಲ್ಲ. ಆದರೆ ಅದರ ಬೀಜಗಳು ತೀರ ಸಣ್ಣವು. ಅಂದು ಯಾರಾದರೂ ಆ ಮರವನ್ನು ಹಾಗೆಯೇ ಲಕ್ಷಗಟ್ಟಲೆ ನಕಲು ಮಾಡಿ ಹಂಚಿದ್ದರೆ ರೋಗ ಹೋಗುತ್ತಿತ್ತು, ಫಸಲೂ ಹೋಗುತ್ತಿತ್ತು. ದಪ್ಪ ಬೀಜದ ಮರಗಳೊಡನೆ ಅದನ್ನು ಸಂಕರಿಸಿ, ಮರಿಗಳಲ್ಲಿ ಆರಿಸಿ, ಮತ್ತೆ ಸಂಕರಿಸಿದ್ದರಿಂದ ಬೆಳೆಗಾರರಿಗೆ ಉಪಯೋಗವಾಯಿತು. ಇಷ್ಟಾದರೂ ಈ ಒಂದೇ ಮೂಲದ ಮೇಲೆ ಭಾರ ಹಾಕಿದ ಕಡೆಗಳಲ್ಲಿ ಅದರ ನಿರೋಧ ಶಕ್ತಿ ಕ್ರಮೇಣ ಕುಂದಿತು, ಹೊಸ ಮೂಲಗಳನ್ನು ಹುಡುಕಬೇಕಾಯಿತು.

ಆ ಹೊಸ ಮೂಲಗಳು ಎಲ್ಲಿರುತ್ತವೆ? ಭತ್ತ, ರಾಗಿಗಳಂತೆ ಕೊಕ್ಕೊ ಬೀಜವನ್ನು ಒಣಗಿಸಿ ತಣ್ಣನೆಯ ಕೋಣೆಯಲ್ಲಿಡಲು ಆಗುವುದಿಲ್ಲ, ಒಣಗಿದರೆ ಅದು ಸಾಯುತ್ತದೆ. ಆದ್ದರಿಂದ ಕೊಕ್ಕೊದ ತಳಿಭಂಡಾರವೆಂದರೆ ಜೀವಂತ ಮರಗಳ ತೋಟ. ಟ್ರಿನಿಡಾಡ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಗೆಯ ಮರಗಳ ಅಂತಾರಾಷ್ಟ್ರೀಯ ಸಂಗ್ರಹವಿದೆ, ಕೋಸ್ಟಾರಿಕಾದಲ್ಲಿ ಇನ್ನೊಂದಿದೆ. ಒಂದು ದೇಶದಿಂದ ಇನ್ನೊಂದಕ್ಕೆ ಕಡ್ಡಿ ಸಾಗಿಸುವಾಗ ರೋಗವೂ ಜೊತೆಗೆ ಬಾರದಂತೆ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಗಾಜಿನ ಮನೆಗಳಲ್ಲಿ ಗಿಡಗಳನ್ನು ಇರಿಸಿ ನಿಗಾ ವಹಿಸುತ್ತಾರೆ. ನಮ್ಮ ಪಾಲಿಗೆ ಹೆಮ್ಮೆಯ ಸಂಗತಿಯೆಂದರೆ, ಇಂಥದೊಂದು ಸಂಗ್ರಹ ದಕ್ಷಿಣ ಕನ್ನಡದ ನಮ್ಮ ವಿಟ್ಲದಲ್ಲಿಯೇ ಇದೆ. ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಆ ಪ್ರಾದೇಶಿಕ ಕೇಂದ್ರದಲ್ಲಿ ನೈಜೀರಿಯಾ, ಘಾನಾ, ಮಲೇಷ್ಯಾ ಮೊದಲಾದ ದೇಶಗಳ ಮೂಲದ ಮರಗಳು ಅಡಿಕೆಯ ನೆರಳಿನಲ್ಲಿ ನಿಂತಿವೆ, ಅವುಗಳಿಂದಲೇ ವಿಟ್ಲದ ಸಂಕರ ತಳಿಗಳು ಹುಟ್ಟಿವೆ. ಗಾಳಿಗೆ ಒಂದು ಮರ ಉರುಳಿದರೆ ಒಂದು ತಳಿಯೇ ಹೋಗಬಹುದಾದ ಇಂಥ ತೋಟಗಳ ಖರ್ಚನ್ನು ಯಾವ ಸರ್ಕಾರವೂ ಮೂರು ವರ್ಷದ ಯೋಜನೆಯ ಲೆಕ್ಕದಲ್ಲಿ ನೋಡಬಾರದು.

ವಂಶವಾಹಿ ಸಂಶೋಧನೆ ನಿಜವಾಗಿ ಬೆಳಕು ಚೆಲ್ಲಿದ್ದೂ ಈ ಬಗೆಬಗೆಯ ಮರಗಳ ಮೇಲೆಯೇ. 2010ರಲ್ಲಿ ಎರಡು ತಂಡಗಳು ಕೊಕ್ಕೊದ ಜೀನೋಮನ್ನು, ಅಂದರೆ ಅದರ ಇಡೀ ವಂಶವಾಹಿ ಬರಹವನ್ನು, ಓದಿ ಪ್ರಕಟಿಸಿದವು. ಹತ್ತು ಜೋಡಿ ವರ್ಣತಂತುಗಳ ಚಿಕ್ಕ ಜೀನೋಮ್ ಅದು. ಅದಕ್ಕೆ ಮೊದಲೇ, 2008ರಲ್ಲಿ, ನಾವು ಕ್ರಿಯೋಲೊ, ಫೊರಾಸ್ಟೆರೊ, ಟ್ರಿನಿಟೇರಿಯೊ ಎಂದು ಮೂರೇ ಹೆಸರುಗಳಲ್ಲಿ ಕರೆಯುತ್ತಿದ್ದ ಕೊಕ್ಕೊದಲ್ಲಿ ಹತ್ತು ಬೇರೆಬೇರೆ ಗುಂಪುಗಳಿವೆಯೆಂದು ಡಿಎನ್‌ಎ ತೋರಿಸಿಕೊಟ್ಟಿತ್ತು. ಅದೇ ಪರೀಕ್ಷೆಯಿಂದ ಹೊರಬಿದ್ದ ಇನ್ನೊಂದು ಸತ್ಯವೆಂದರೆ, ತಳಿಭಂಡಾರಗಳಲ್ಲಿ ಎಷ್ಟೋ ಮರಗಳಿಗೆ ತಪ್ಪು ಹೆಸರಿನ ಫಲಕ ನೇತುಹಾಕಲಾಗಿತ್ತು. ಸಂಕರ ಮಾಡುವವನು ಯಾವ ಮರದ ಪರಾಗವೆಂದು ನಂಬಿ ಹತ್ತು ವರ್ಷ ದುಡಿದಿದ್ದನೋ ಅದು ಆ ಮರವೇ ಅಲ್ಲದಿರಬಹುದು. ಕೊಕ್ಕೊ ಮೊದಲ ಕಾಯಿ ಬಿಡಲು ಮೂರು ವರ್ಷ, ಇಳುವರಿ ನಂಬುವಂತಾಗಲು ಇನ್ನೂ ಹಲವು ವರ್ಷ ಬೇಕಾಗುವಾಗ, ಸಸಿಯ ಎಲೆಯ ಚೂರಿನಿಂದಲೇ ಅದರ ಗುರುತನ್ನೂ ಗುಣದ ಸುಳಿವನ್ನೂ ಪಡೆಯುವುದು ರೈತನಿಗೆ ವರ್ಷಗಳನ್ನು ಉಳಿಸಿಕೊಟ್ಟಂತೆ.

ವಂಶವಾಹಿಯನ್ನೇ ತಿದ್ದುವ ಪ್ರಯತ್ನವೂ ನಡೆದಿದೆ. 2018ರಲ್ಲಿ ಅದೇ ಪೆನ್ಸಿಲ್ವೇನಿಯಾ ತಂಡ, ರೋಗ ಬಂದಾಗ ಗಿಡದ ರಕ್ಷಣೆಯನ್ನು ತಗ್ಗಿಸುವ ಒಂದು ವಂಶವಾಹಿಯನ್ನು ಕ್ರಿಸ್ಪರ್ ಎಂಬ ವಂಶವಾಹಿ ಕತ್ತರಿಸುವ ವಿಧಾನದಿಂದ ಎಲೆಯಲ್ಲಿ ಕೆಡಿಸಿತು. ಆ ಎಲೆಗಳ ಮೇಲೆ ಫೈಟಾಫ್ತೊರಾ ಎಂಬ ರೋಗಾಣು ಉಂಟುಮಾಡಿದ ಹುಣ್ಣುಗಳು ಚಿಕ್ಕದಾಗಿದ್ದವು. ನಮ್ಮ ಅಡಿಕೆಯ ಕೊಳೆರೋಗಕ್ಕೂ ಕೊಕ್ಕೊದ ಕಾಯಿಕೊಳೆಗೂ ಕಾರಣವಾದದ್ದು ಇದೇ ಫೈಟಾಫ್ತೊರಾ ಕುಲ. ಎಲೆಯಲ್ಲಾದ ತಿದ್ದುಪಡಿ ಇಡೀ ಮರವಾಗಬೇಕಾದರೆ ಮತ್ತೆ ಹೂವಿನಿಂದ ಬಂದ ಆ ಭ್ರೂಣಗಳ ದಾರಿಯನ್ನೇ ಹಿಡಿಯಬೇಕು. ಅಂಗಾಂಶ ಕೃಷಿಯ ಅತಿ ದೊಡ್ಡ ಬೆಲೆ ನನಗೆ ಕಾಣುವುದು ಈ ಜಾಗದಲ್ಲಿ. ಆದರೆ ಎಲೆಯ ಮೇಲಿನ ಹುಣ್ಣಿಗೂ ಆಟಿಯ ಮಳೆಯಲ್ಲಿ ನೆನೆಯುವ ಕಾಯಿಗೂ ಬಹಳ ದೂರವಿದೆ, ಆ ದೂರವನ್ನು ತೋಟದಲ್ಲಿಯೇ ನಡೆದು ಮುಗಿಸಬೇಕು.

ನಮ್ಮ ಕಡೆಯವರಿಗೆ ಸದ್ಯ ಬೇಕಾದದ್ದು ಪರೀಕ್ಷಿಸಿದ ತಾಯಿಮರದಿಂದ ಮಾಡಿದ ಕಸಿಗಿಡ. ಎಳೆಯ ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ಬೆಣೆಯಂತೆ ಹೆರೆದ ಕಡ್ಡಿಯನ್ನು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ತೊಟ್ಟೆ ಮುಚ್ಚುವ ಕೆಲಸವನ್ನು ನಮ್ಮೂರಿನ ಹೆಂಗಸರು ಚೆನ್ನಾಗಿ ಬಲ್ಲರು. ಅದೂ ನಕಲೇ, ಖರ್ಚು ಕಡಿಮೆ. ಗಿಡ ಕೊಳ್ಳುವಾಗ ತಾಯಿಮರದ ಹೆಸರು ಕೇಳಿ, ಒಂದೇ ತಳಿಯನ್ನು ತೋಟ ತುಂಬ ನೆಡದೆ ಮೂರು ನಾಲ್ಕು ತಳಿಗಳನ್ನು ಬೆರೆಸಿ ನೆಡಿ.

ತೋಡಿನ ಬದಿಯ ಮರದ ವಿಷಯಕ್ಕೆ ಬರುತ್ತೇನೆ. ಅದು ರೋಗವನ್ನು ತಡೆಯುತ್ತದೆಯೋ, ಇಲ್ಲವೇ ಗಾಳಿ ಬೆಳಕು ಚೆನ್ನಾಗಿರುವ ಜಾಗದಲ್ಲಿದ್ದು ರೋಗದಿಂದ ತಪ್ಪಿಸಿಕೊಂಡಿದೆಯೋ ನನಗೆ ಇನ್ನೂ ಗೊತ್ತಿಲ್ಲ. ಅದರ ಕಡ್ಡಿಯಿಂದ ಆರು ಕಸಿ ಕಟ್ಟಿ, ಪ್ರತಿ ವರ್ಷ ಅತಿ ಹೆಚ್ಚು ಕಾಯಿ ಕೊಳೆಯುವ ಮೂಲೆಗಳಲ್ಲಿ, ಬೇಗ ರೋಗ ಹಿಡಿಯುವ ಮರಗಳ ಮಗ್ಗುಲಲ್ಲೇ ನೆಟ್ಟಿದ್ದೇನೆ. ಕಾಯಿ ಬಿಡತೊಡಗಿದ ಮೇಲೆ ಮೂರು ಮಳೆಗಾಲ ಕೊಳೆರೋಗದ ಔಷಧವಾದ ಬೋರ್ಡೋ ದ್ರಾವಣ ಸಿಂಪಡಿಸದೆ, ಕೊಳೆತ ಕಾಯಿಗಳನ್ನು ಎಣಿಸಿ ಬರೆದಿಡುತ್ತೇನೆ. ಲೆಕ್ಕ ಚೆನ್ನಾಗಿದ್ದರೆ ಆ ಪುಸ್ತಕವನ್ನೂ ಒಂದು ಕಟ್ಟು ಕಡ್ಡಿಯನ್ನೂ ವಿಟ್ಲಕ್ಕೆ ಕೊಂಡೊಯ್ಯುತ್ತೇನೆ. ನಿಮ್ಮ ತೋಟದಲ್ಲಿಯೂ ಅಂಥ ಮರವಿದ್ದರೆ ಅದಕ್ಕೆ ಒಂದು ಗುರುತು ಹಾಕಿ, ಈ ಮಳೆಗಾಲದಿಂದಲೇ ಎಣಿಸಲು ಆರಂಭಿಸಿ.